ಸಿಮ್ಯುಲೇಟರಿನೊಳಗಿನ ದೊಡ್ಡವ್ವ

ಡೈರಿಯಲ್ಲಿ ಹಾಲು ಪರೀಕ್ಷಿಸುವ ಯಂತ್ರವೊಂದಕ್ಕೆ ನಾನು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೆ. ಪ್ರತಿ ಕೆಲಸವನ್ನೂ ಗೊತ್ತುಪಡಿಸಿದಷ್ಟು ಸೆಕೆಂಡಿನೊಳಗೆ ಮುಗಿಸಲೇಬೇಕಾದ ಜಾತಿಯದು ಅದು. ಯಂತ್ರವಿನ್ನೂ ಕೈಗೆ ಬಂದಿರಲಿಲ್ಲ. ಪಾಂಡವಪುರದ ಮನೆಯಲ್ಲಿ ಕೂತು, ಯಂತ್ರದಂತೆಯೇ ನಡೆದುಕೊಳ್ಳುವ ಸಿಮ್ಯುಲೇಟರನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದೆ. ಅದರೊಳಗೆ ನಾನೇ ಸೃಷ್ಟಿಸಿದ ಸಾವಿರ ಮಂದಿ ಬಂದು ಡೈರಿಯ ಸದಸ್ಯತ್ವದ ಕಾರ್ಡು ತೋರಿಸಿ, ತಕ್ಷಣ ಹಾಲು ಸುರಿದು ಹೋದರು. ಒಂದೂ ತಪ್ಪಿಲ್ಲ. ನನಗೆ ಕೊಂಬು ಬಂತು.

ನಿಜವಾದ ಯಂತ್ರವನ್ನು ಶೀಳನೆರೆ ಬಳಿ ನಮ್ಮ ದೊಡ್ಡವ್ವನ ಊರಿನ ಡೈರಿಯಲ್ಲಿಟ್ಟೆವು. ಮೊದಲು ಬಂದವಳು ಅವಳೇ. ಕಾರ್ಡು ತೋರಿಸಿದವಳು ಕ್ಯಾನು ಕೆಳಗಿಟ್ಟು, ಹಿಂದೆ ನಿಂತಿದ್ದವಳ ಎಮ್ಮೆ ಕರು ಹಾಕಿತೇ ಎಂದು ವಿಚಾರಿಸತೊಡಗಿದಳು. ಐದು ಸೆಕೆಂಡು ಕಾದ ಯಂತ್ರ, ಏನೋ ಕೆಟ್ಟಿದೆ ಎಂದುಕೊಂಡು ಆಫಾಗಿ ಮತ್ತೆ ಆನಾಯಿತು. ಮೂರು ಸಲ ಹೀಗೇ ಆಯಿತು.

“ಬೇಗ ಉಯ್ಯಿ ದೊಡ್ಡವ್ವ,” ಎಂದೆ.

“ಅಸ ಕರಿಯಕ್ಕೇ ಅರ್ಧ ಗಂಟೆ ಕುಂತಿರ್ತೀನಿ. ನಿನ್ ಮಿಸಿನ್‌ಗೆ ಏನ್ಲಾ ಅಂತಾ ಅವಸ್ರ?”

ಮನೆಗೆ ಬಂದು, ಸಿಮ್ಯುಲೇಟರಿನ ಸಾವಿರ ಮಂದಿಯ ನಡುವೆ ಕಾರ್ಡು ತೋರಿಸಿ ಮಾತಿಗೆ ನಿಲ್ಲುವ ದೊಡ್ಡವ್ವನೊಬ್ಬಳನ್ನು ಸೇರಿಸಿದೆ. ಅವಳ ಮಾತು ಮುಗಿಯುವವರೆಗೂ ಕಾಯುವಂತೆ ಪ್ರೋಗ್ರಾಂ ತಿದ್ದಿದೆ. ಈಗ ಯಂತ್ರ ಕಾಯುತ್ತದೆ. ಕಂಪ್ಯೂಟರಿನೊಳಗೂ ನಿನ್ನಂಥವಳೊಬ್ಬಳಿದ್ದಾಳೆ ಎಂದು ಜಂಬದಿಂದ ದೊಡ್ಡವ್ವನಿಗೆ ಹೇಳಿದೆ.

“ಅಲ್ಲಿ ಅವ್ಳು ಯಾರ್ ಜೊತೆ ಮಾತಾಡ್ತಾಳ್ಲಾ?” ಎಂದಳು.

ಅವಳ ಮಾತಿಗೆ ಜೊತೆಯಾಗುವವರನ್ನು ನಾನು ಬರೆದೇ ಇರಲಿಲ್ಲ.