ಸಂಶಯಪ್ಪ ಮೋಡದೊಳಗೆ ಹೋದದ್ದು

ತಕ್ಕಡಿ ರಿಪೇರಿ ಮಾಡುವವನಿಗೆ ಜನರ ಮೇಲೆ ನಂಬಿಕೆ ಉಳಿಯುವುದು ಕಷ್ಟ. ಅರ್ಧ ಆಯಸ್ಸು ಅದೇ ಕೆಲಸದಲ್ಲಿ ಕಳೆದ ಸಂಶಯಪ್ಪನಿಗಂತೂ ಉಳಿದಿರಲಿಲ್ಲ. ತಟ್ಟೆಯ ಅಡಿಗೆ ಮೇಣ ಅಂಟಿಸಿದವರು, ಮುಳ್ಳನ್ನು ಕೂದಲೆಳೆಯಷ್ಟು ಬಗ್ಗಿಸಿದವರು, ಸ್ಪ್ರಿಂಗನ್ನು ಕೈಯಾರೆ ಎಳೆದು “ತಾನೇ ಸಡಿಲ ಆಯ್ತು ಸಾರ್” ಎಂದು ಹಲ್ಲು ಕಿರಿದವರು, ಎಲ್ಲರನ್ನೂ ಕಂಡವನು. ಸಂಶಯಪ್ಪ ಎಂಬುದು ಪೇಟೆಯವರು ಇಟ್ಟ ಹೆಸರು. ಚಹಾದ ಲೋಟವನ್ನು ಎತ್ತಿ, ತಳ ಎಷ್ಟು ದಪ್ಪ ಇದೆ ಎಂದು ನೋಡಿ ಕುಡಿಯುವವನಿಗೆ ಇನ್ನೇನು ಹೆಸರಿಡುತ್ತಾರೆ?

ಇಂಥವನಿಗೆ ವಿಮಾನದ ಹುಚ್ಚು. ಏಳೆಂಟು ಗೆಳೆಯರ ಜೊತೆ ಪಾಲು ಹಾಕಿ ಎರಡು ಸೀಟಿನ ಹಳೇ ವಿಮಾನ ಕೊಂಡಿದ್ದ, ಹಾರಿಸಲೂ ಕಲಿತಿದ್ದ. ತಾನೇ ಹಾರಿಸಿದರೆ ಇನ್ನೊಬ್ಬನನ್ನು ನಂಬುವ ತಾಪತ್ರಯವಿಲ್ಲವಲ್ಲ! ವಿಮಾನದ ಕೀಗೆ ಹಿತ್ತಾಳೆಯ ಪುಟ್ಟ ತೂಕದ ಗುಂಡೊಂದನ್ನು ದಾರದಲ್ಲಿ ಕಟ್ಟಿಕೊಂಡಿದ್ದ. ಕೀ ಸಿಕ್ಕಿಸಿದರೆ ಗುಂಡು ಅದರ ಕೆಳಗೆ ತೂಗಾಡುತ್ತಿತ್ತು.

ನೆಲ ಕಾಣುವಾಗ ಹಾರಿಸುವುದಕ್ಕೆ ಒಂದು ಪರವಾನಗಿ. ಮೋಡದೊಳಗೆ ಕಣ್ಣು ಕಟ್ಟಿದಂತೆ, ಬರೀ ಡಯಲಿನ ಮುಳ್ಳು ನೋಡಿಕೊಂಡು ಹಾರಿಸುವುದಕ್ಕೆ ಬೇರೆಯೇ ಓದು, ಬೇರೆಯೇ ಪರೀಕ್ಷೆ. ಇವೆರಡರ ನಡುವೆ ಚಿಕ್ಕ ಪರವಾನಗಿಯೊಂದಿತ್ತು: ತೆಳು ಮೋಡ ಅಡ್ಡ ಬಂದರೆ ದಾಟಿ ಈಚೆ ಬರುವಷ್ಟು. ಸಂಶಯಪ್ಪನ ಹತ್ತಿರ ಇದ್ದದ್ದು ಅದು. ಈಜು ಬಾರದವನು ಕೆರೆಗೆ ಇಳಿಯುವುದಿಲ್ಲ. ಅರ್ಧ ಕಲಿತವನೇ ಇಳಿಯುವುದು, ಹಾಳಾದವನು.

ಕಲಿಸಿದ ಮೇಡಂ ಹೇಳಿದ್ದರು: “ಮೋಡದೊಳಗೆ ಎಲ್ಲಾರಿಗಿಂತ ದೊಡ್ಡ ಸುಳ್ಳುಗಾರ ಯಾರು ಗೊತ್ತಾ? ನಿಮ್ಮ ಮೈ. ಅದು ಹೇಳಿದ್ದು ಕೇಳ್ಬೇಡಿ, ಡಯಲ್ ಹೇಳಿದ್ದು ಕೇಳಿ. ಆಗಾಗ ಬಂದು ಅಭ್ಯಾಸ ಮಾಡ್ತಾ ಇರಿ.” ಅಭ್ಯಾಸ ಎಂದದ್ದೇ ತಡ, ಇದು ಫೀಸಿನ ಆಸೆ ಎಂದುಕೊಂಡ ಸಂಶಯಪ್ಪ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಹೆಂಡತಿಗೆ ಮಾತ್ರ ಒಳಗೊಳಗೇ ಅನುಮಾನ. ಒಂದು ದಿನ ಅವನು ಹಾರಾಟ ಮುಗಿಸಿ ಮನೆಗೆ ಬಂದಾಗ ಕೇಳಿಯೇ ಬಿಟ್ಟಳು.

“ಮೋಡದೊಳಗೆ ಹೋಗಿದ್ರಾ?”

“ಹತ್ರಾನೂ ಸುಳಿದಿಲ್ಲ ಕಣೇ.”

“ಮತ್ತೆ ಅಂಗಿ ಹಿಂಡಿದ್ರೆ ನೀರು ಬರೋ ಹಾಗಿದೆ?”

“ಬಿಸಿಲು.”

“ಇವತ್ತು ಬಿಸಿಲೆಲ್ಲಿತ್ತು?”

ಊರನ್ನೆಲ್ಲ ಅನುಮಾನಿಸುವವನಿಗೆ ತನ್ನ ಮೇಲೆ ಅನುಮಾನ ಬಂದರೆ ಮೈಯೆಲ್ಲ ಉರಿ. “ಕಟ್ಟಿಕೊಂಡ ಗಂಡನ ಮೇಲೆ ಪೊಲೀಸ್ ಕೆಲಸ ಮಾಡ್ತೀಯಾ?” ಎಂದು ಕೂಗಾಡಿದ. ಅವಳು ಬಟ್ಟೆ ಮಡಿಸುತ್ತಲೇ ಹೇಳಿದಳು: “ಹೌದು. ಮುಂದಿನ ಸಲ ನಾನೂ ಬರ್ತೀನಿ. ಅಕ್ಕನ ಮನೆಗೆ ಹೋಗಿ ಬಂದ ಹಾಗೂ ಆಯ್ತು.”

ಅಕ್ಕನ ಊರಿಗೆ ಹೋಗುವಾಗ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಮಧ್ಯಾಹ್ನ ವಾಪಸು ಹೊರಡುವ ಹೊತ್ತಿಗೆ ಹವಾಮಾನದವನು ಫೋನಿನಲ್ಲಿ, “ದಾರಿಯಲ್ಲಿ ಮೋಡ ಕವೀತಾ ಇದೆ, ನಾಳೆ ಹೋಗಿ” ಎಂದ. “ತಮ್ಮ ತಲೆ ಉಳಿಸಿಕೊಳ್ಳೋಕೆ ಯಾವಾಗ್ಲೂ ಹಿಂಗೇ ಹೇಳ್ತಾರೆ,” ಎಂದು ಸಂಶಯಪ್ಪ ಫೋನು ಇಟ್ಟ.

ಅರ್ಧ ದಾರಿಯಲ್ಲಿ ಎದುರಿಗೆ ಬೂದು ಗೋಡೆ. ತಿರುಗೋಣವೆಂದರೆ ಹಿಂದೆಯೂ ಬಾಗಿಲು ಮುಚ್ಚಿತ್ತು.

“ಇದೇನಿದು?” ಎಂದಳು ಹೆಂಡತಿ.

“ತೆಳು. ಈಗ ದಾಟ್ತೀವಿ.”

ಒಳಗೆ ಹೊಕ್ಕರು. ನೆಲವಿಲ್ಲ, ಆಕಾಶವಿಲ್ಲ, ರೆಕ್ಕೆಯ ತುದಿಯೂ ಇಲ್ಲ. ಅವಳು ಸೀಟಿನ ಅಂಚು ಹಿಡಿದಳು. ಸಂಶಯಪ್ಪನ ಅಂಗಿ ಬೆನ್ನಿಗೆ ಅಂಟಿತು. ಹೊರಗೆ ಗಾಳಿಯ ಸದ್ದು ಯಾಕೋ ಏರತೊಡಗಿತು. ರೆಕ್ಕೆಗಳು ಸಮ ಇವೆಯೇ ಎಂದು ತೋರಿಸುವ ಡಯಲ್ ನೋಡಿದ. ವಿಮಾನ ಎಡಕ್ಕೆ ವಾಲಿದೆ ಎನ್ನುತ್ತಿತ್ತು ಅದು. ಅವನ ಮೈಯೋ, ಕುರ್ಚಿಯಲ್ಲಿ ಕೂತಷ್ಟು ನೆಟ್ಟಗಿದ್ದೀಯ ಎನ್ನುತ್ತಿತ್ತು.

ಅಂಗಡಿಯಲ್ಲಿ ಮಾಡುವಂತೆ ಗಾಜನ್ನು ಬೆರಳಿನಿಂದ ತಟ್ಟಿದ. ಡಯಲ್ ಕದಲಲಿಲ್ಲ.

“ಕೆಟ್ಟಿದೆ ಇದು,” ಎಂದ. “ಹಳೇ ಮಾಲು.”

“ನಿಮಗೆ ಹೆಂಗೆ ಗೊತ್ತು?”

“ಗುಂಡು ನೋಡು! ನೆಟ್ಟಗೆ ತೂಗ್ತಾ ಇಲ್ವಾ? ನಾವು ವಾಲಿದ್ರೆ ಗುಂಡೂ ವಾಲ್ಬೇಕು. ಗುಂಡು ಯಾವತ್ತೂ ಸುಳ್ಳು ಹೇಳಲ್ಲ.”

ಹಿತ್ತಾಳೆ ಗುಂಡು ವಿಮಾನದ ನೆಲಕ್ಕೆ ನೇರವಾಗಿ, ಸಾಧುವಿನ ಹಾಗೆ ಇಳಿಬಿದ್ದಿತ್ತು. ಅವಳು ಗುಂಡನ್ನೂ ನೋಡಿದಳು, ಗಂಡನನ್ನೂ ನೋಡಿದಳು. ಇಬ್ಬರ ಮೇಲೂ ಅವಳಿಗೆ ನಂಬಿಕೆ ಬರಲಿಲ್ಲ.

“ಹಂಗಾದ್ರೆ ಈ ದಿಕ್ಕಿನ ನಂಬರು ಯಾಕ್ರೀ ತಿರುಗ್ತಾ ಇದೆ? ನೇರ ಹೋಗ್ತಿದ್ದೀವಿ ಅಂತೀರಾ. ಇಗೋ, ಎತ್ತರದ ಮುಳ್ಳು ಇಳೀತಾನೇ ಇದೆ. ಇದೂ ಕೆಟ್ಟಿದೆಯಾ? ಎಲ್ಲಾ ಒಂದೇ ಸಲ ಕೆಟ್ವಾ?”

ಸಂಶಯಪ್ಪ ಗಿರಾಕಿಗಳಿಗೆ ಹೇಳುತ್ತಿದ್ದ ಮಾತೇ ಇತ್ತಲ್ಲ: ಒಂದು ತಕ್ಕಡಿ ಕಮ್ಮಿ ತೋರಿಸಿದರೆ ತಕ್ಕಡಿ ಕಳ್ಳ, ಮೂರು ಅಂಗಡಿಯ ತಕ್ಕಡಿ ಕಮ್ಮಿ ತೋರಿಸಿದರೆ ಮಾಲೇ ಕಮ್ಮಿ. ಇಲ್ಲಿ ಮೂರು ಡಯಲ್ ಒಂದು ಕಡೆ. ಇನ್ನೊಂದು ಕಡೆ ಅವನ ಮೈ, ಅವನ ಗುಂಡು.

“ಓದ್ತಾ ಇರು,” ಎಂದ. “ಎತ್ತರ ಓದ್ತಾ ಇರು. ನಿಲ್ಲಿಸಬೇಡ.”

ಎಂಜಿನ್ ತಗ್ಗಿಸಿದ. ಮೊದಲು ರೆಕ್ಕೆ ಸಮ, ಆಮೇಲೆ ಮೂಗು ಮೇಲೆ, ಮೇಡಂ ಹೇಳಿದ್ದ ಕ್ರಮ. ಡಯಲ್ ಸಮ ಎಂದು ತೋರಿಸುತ್ತಿದ್ದಂತೆ ಮೈ ಬೊಬ್ಬೆ ಹೊಡೆಯಿತು: ಬಲಕ್ಕೆ ಉರುಳಿದೆವು, ಸತ್ತೆವು, ತಿರುಗಿಸೋ! ಹಲ್ಲು ಕಚ್ಚಿ ಹಿಡಿದ. ಇಷ್ಟು ವರ್ಷದಲ್ಲಿ ಅವನು ಅನುಮಾನಿಸದೇ ಬಿಟ್ಟಿದ್ದವನು ಒಬ್ಬನೇ, ತಾನು. ಈಗ ಆ ಒಬ್ಬನನ್ನೂ ಬಿಡಲಿಲ್ಲ.

“ಇಳೀತಾ ಇದೆ… ಇಳೀತಾ ಇದೆ… ನಿಂತಿತು ರೀ. ನಿಂತಿತು.”

ಮೆಲ್ಲಗೆ ಇಳಿಸುತ್ತ ಬಂದಾಗ ಮೋಡ ಹರಿಯಿತು. ಕೆಳಗೆ ರೈಲು ಹಳಿ, ಕಾರ್ಖಾನೆಯ ತಗಡಿನ ಮಾಡು, ಅದರ ಪಕ್ಕದ ನೀರಿನ ಟ್ಯಾಂಕಿ ಬೇಡವೆನ್ನಿಸುವಷ್ಟು ಹತ್ತಿರ. ಹಳಿಯನ್ನೇ ಹಿಡಿದು ಊರು ಸೇರಿದರು.

ಇಳಿದ ಮೇಲೆ ಸಂಶಯಪ್ಪ ನೇರ ಮೇಡಂ ಕೋಣೆಗೆ ಹೋಗಿ ಗುಂಡಿನ ಸಂಗತಿ ಕೇಳಿದ. ಆಕೆ ತಲೆ ಚಚ್ಚಿಕೊಂಡರು. “ನೀರು ತುಂಬಿದ ಬಕೆಟ್ಟನ್ನ ಬೀಸಿ ತಿರುಗಿಸಿದ್ರೆ ನೀರು ಚೆಲ್ಲುತ್ತೇನ್ರೀ? ತಳಕ್ಕೇ ಅಂಟಿಕೊಂಡಿರುತ್ತೆ. ಸುತ್ತು ತಿರುಗುವಾಗ ನಿಮ್ಮ ಗುಂಡೂ ಹಂಗೇ, ನೀವೂ ಹಂಗೇ. ತಕ್ಕಡಿಯವರು ನೀವು, ಅಷ್ಟೂ ತಿಳೀಲಿಲ್ವಾ?”

ಅವನು ಗುಂಡು ಕಟ್ಟಿದ ಕೀಯನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ಬಂದ.

ಹೊರಗೆ ಹೆಂಡತಿ ಕೈ ಚಾಚಿ ನಿಂತಿದ್ದಳು. “ಕೀ ಕೊಡಿ.”

“ಯಾಕೆ?”

“ಹಿಂದೆ ಎಷ್ಟು ಸಲ ಹೋಗಿದ್ರಿ ಅಂತ ಕೇಳಲ್ಲ. ನಿಮ್ಮ ಅಂಗೀನೇ ಹೇಳಿದೆ. ಪೂರ್ತಿ ಪರವಾನಗಿ ತಗೊಂಡು ಬನ್ನಿ, ಕೊಡ್ತೀನಿ.”

ಗುಂಡಿನ ಸಮೇತ ಕೀ ಅವಳ ಚೀಲ ಸೇರಿತು. ಮನೆಗೆ ಬಂದ ಮೇಲೆ ಅದನ್ನು ಎಲ್ಲಿಟ್ಟಳೋ, ಸಂಶಯಪ್ಪ ಹುಡುಕಲಿಲ್ಲ. ಮರುವಾರ ಮೇಡಂ ಮುಂದೆ ಹೋಗಿ ಕೂತ. ಫೀಸು ಎಷ್ಟೆಂದು ಕೇಳಿದನೇ ಹೊರತು, ಯಾಕೆಂದು ಕೇಳಲಿಲ್ಲ.