ಕಳವಾ ಸ್ಟೇಶನ್ನಿನ ಭಕ್ರಿ ಒಲೆ, ನಮ್ಮ ಮನೆಯ ಶೇಂಗಾ ಚಟ್ನಿ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಲೋಕಲ್ ರೈಲಿನ ಕಳವಾ ಸ್ಟೇಶನ್ನಿನ ಹತ್ತಿರದ ಚಾಳೊಂದರಲ್ಲಿದ್ದೆವು. ಧಾರವಾಡದಿಂದ ಮದುವೆಯಾಗಿ ಬಂದ ನನಗೆ, ಗಂಡನನ್ನು ಬಿಟ್ಟರೆ ಕನ್ನಡದಲ್ಲಿ ಮಾತಾಡಲು ಸಿಕ್ಕವಳು ಒಬ್ಬಳೇ. ಸ್ಟೇಶನ್ನಿನ ಹೊರಗೆ ಒಲೆ ಹೂಡಿ ಭಕ್ರಿ ಎನ್ನುವ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ ಮಾರುತ್ತಿದ್ದ ಸೋಲಾಪುರ ಕಡೆಯ ಹೆಂಗಸು. ಎಲ್ಲರೂ ಆಕೆಗೆ ಮಾವಶಿ, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಅನ್ನುತ್ತಿದ್ದರು, ನಾನೂ ಅಂದೆ.

ಒಂದು ವರ್ಷ ಮನೆಯವರು ಕೆಲಸ ಮಾಡುತ್ತಿದ್ದ ಫ್ಯಾಕ್ಟರಿಗೆ ಬೀಗ ಬಿತ್ತು. ಅವರು ದಿನಾ ಬೆಳಿಗ್ಗೆ ಗೇಟಿನ ತನಕ ಹೋಗಿ ಸುಮ್ಮನೆ ವಾಪಸು ಬರುತ್ತಿದ್ದರು. ನಾನು ಮಾವಶಿಯ ಮುಂದೆ ನಿಲ್ಲದೆ ತಲೆ ತಗ್ಗಿಸಿ ಹೋಗತೊಡಗಿದೆ. ಕೊನೆಗೆ ಆಕೆಯೇ ಕರೆದಳು.

"ಯಾಕವಾ, ಮಾತಾಡಸ್ದನ ಹೊಂಟಿಯಲ್ಲ?"

"ಇವರ ಕಂಪನಿ ಬಂದ್ ಆಗೇದ ಮಾವಶಿ. ಏನ ಮಾಡಬೇಕು ತಿಳೀವಲ್ದು."

"ನಿಮ್ಮ ಕಡೆ ಶೇಂಗಾ ಚಟ್ನಿ ಕುಟ್ಟಾಕ ಬರತೈತಿಲ್ಲೊ? ನನಗ ಭಕ್ರಿ ಬಡಿಯೂದರಾಗ ಪುರಸೊತ್ತಿಲ್ಲ. ನಾಳೆ ಒಂದ ಡಬ್ಬಿ ತಗೊಂಡ ಬಾ, ಮಾರಿ ರೊಕ್ಕ ಕೊಡ್ತೀನಿ."

ಮನೆಯವರಿಗೆ ಹೇಳಲು ಅಳುಕಿತ್ತು. ನಮ್ಮ ಮನೆಯ ಚಟ್ನಿ ರಸ್ತೆಯ ಮೇಲೆ ಮಾರುವುದೇ ಎಂದು ನೊಂದುಕೊಂಡಾರು ಅನ್ನಿಸಿತ್ತು. ಹೇಳಿದಾಗ ಅವರು ಎದ್ದು ಒರಳು ಎಳೆದುಕೊಂಡರು.

"ನೀ ಹುರಿ, ನಾ ಕುಟ್ತೀನಿ."

ಮರುದಿನ ಡಬ್ಬಿ ಕೊಟ್ಟು ಅಲ್ಲೇ ನಿಂತೆ. ರೈಲ್ವೆ ಕಾರ್‌ಶೆಡ್ಡಿನ ಕೆಲಸಗಾರನೊಬ್ಬ ಭಕ್ರಿಯ ಮೇಲೆ ಚಟ್ನಿ ಹಾಕಿಸಿಕೊಂಡು, ಎಣ್ಣೆ ಬಿಡಿಸಿಕೊಂಡು ತಿಂದ. ಮತ್ತೆ ಕೈ ಚಾಚಿದ. ಮಾವಶಿ ನನ್ನತ್ತ ಬೊಟ್ಟು ಮಾಡಿ, ಇವಳ ಕೈಯ ಚಟ್ನಿ ಎಂದು ಮರಾಠಿಯಲ್ಲಿ ಅವನಿಗೆ ಹೇಳಿದಳು. ಬಹಳ ದಿನಗಳ ಮೇಲೆ ನಾನು ತಲೆ ಎತ್ತಿ ಮನೆಗೆ ನಡೆದೆ.

ಆ ವರ್ಷ ಖೋಲಿಯ ಬಾಡಿಗೆ, ಕೂಸಿನ ಹಾಲು ಎಲ್ಲ ಆ ಚಟ್ನಿಯ ದುಡ್ಡಿನಲ್ಲೇ ನಡೆಯಿತು. ಆ ಒಲೆಯಿಂದ ನಡೆದದ್ದು ನಮ್ಮ ಮನೆಯೊಂದೇ ಅಲ್ಲ. ಪಕ್ಕದ ಸ್ಟೇಶನ್ ಮುಂಬ್ರಾದ ಒಬ್ಬಳು ಹಿಟ್ಟು ಬೀಸಿಸಿ ತರುತ್ತಿದ್ದಳು, ನಮ್ಮ ಚಾಳಿನ ವಿಧವೆಯೊಬ್ಬಳು ಉಳ್ಳಾಗಡ್ಡಿ ಹೆಚ್ಚಿಕೊಡುತ್ತಿದ್ದಳು. ಊರಲ್ಲಿ ಸಂಸಾರ ಬಿಟ್ಟು ಬಂದ ಗಂಡಸರಿಗೆ ಬಿಸಿ ಊಟ ಸಿಗುತ್ತಿದ್ದುದು ಅಲ್ಲಿ ಮಾತ್ರ. ಹೊಟ್ಟೆ ಸರಿಯಿಲ್ಲದವನಿಗೆ ಮಾವಶಿ ಝುಣಕ ಬಡಿಸುತ್ತಿರಲಿಲ್ಲ. ಬೈದು ಮಜ್ಜಿಗೆ ಕುಡಿಸುತ್ತಿದ್ದಳು.

ಫ್ಯಾಕ್ಟರಿಯ ಬೀಗ ತೆಗೆದ ಮೇಲೆ ಮನೆಯವರೇ ಹೋಗಿ ಆಕೆಗೆ ಇಳಕಲ್ ಸೀರೆ ಕೊಟ್ಟರು. "ನಿಮ್ಮಿಂದ ನಮ್ಮ ಮನಿ ನಿಂತದರಿ," ಅಂದರು. ಆಕೆ ಸೀರೆಯ ಸೆರಗು ಬಿಡಿಸಿ ನೋಡಿದಳು.

"ಛಲೋ ಐತಿ. ಚಟ್ನಿ ಮಾತ್ರ ಬಂದ್ ಮಾಡಬ್ಯಾಡ್ರಿ."

ಡೊಂಬಿವಲಿಗೆ ಮನೆ ಬದಲಿಸುವ ತನಕ ನಾವು ಬಂದ್ ಮಾಡಲಿಲ್ಲ. ಶಿಫ್ಟಿಗೆ ಹೊರಡುವ ಮೊದಲು ಮನೆಯವರು ಕುಟ್ಟಿಕೊಡುತ್ತಿದ್ದರು, ನಾನು ಒಯ್ಯುತ್ತಿದ್ದೆ.