ಸುಮ್ಮನೆ ಕೂತಿದ್ದ ವೈರು

ಮಿಸ್ಡ್ ಕಾಲ್ ಕೊಟ್ಟು ಮಾತು ಮುಗಿಸುತ್ತಿದ್ದ ಕಾಲ. ಬ್ಯಾಡಗಿಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಯಾರ ಚೀಲ ಯಾವ ಕೋಣೆಯ ಯಾವ ಸಾಲಿನಲ್ಲಿದೆ ಎಂಬುದೆಲ್ಲ ಒಳಗಿನ, ಲೆಕ್ಕವೆಲ್ಲ ಕೂಡಿಟ್ಟ ಕಂಪ್ಯೂಟರ್ ಪೆಟ್ಟಿಗೆಯಲ್ಲಿತ್ತು. ಅಲ್ಲಿಂದ ನನ್ನ ಪರದೆಗೆ ಎರಡು ನೆಟ್‌ವರ್ಕ್ ವೈರು ಜೋಡಿಸಿದ್ದೆ. ಒಂದು ದುಡಿಯುತ್ತದೆ, ಇನ್ನೊಂದು ಕಾಯುತ್ತದೆ; ಮೊದಲನೆಯದು ಸತ್ತರೆ ಎರಡನೆಯದು ತಕ್ಷಣ ಹೆಗಲು ಕೊಡುತ್ತದೆ.

ನಮ್ಮ ಸಾಹುಕಾರರಿಗೆ ಸುಮ್ಮನೆ ಕೂತದ್ದನ್ನು ಕಂಡರೆ ಮೈಯೆಲ್ಲ ಉರಿ. ಹಮಾಲ ಚಹಾಕ್ಕೆ ಕೂತರೂ ಕೈಗೆ ಕಸಬರಿಗೆ ಕೊಡುವ ಆಸಾಮಿ. ಒಂದು ದಿನ ನನ್ನ ಕುರ್ಚಿಯ ಎದುರು ಬಂದು ನಿಂತರು.

"ಅಕ್ಕಾರ, ದಿನಾ ಏನ್ ಮಾಡ್ತೀರಿ ನೀವು?"

"ಎಲ್ಲಾ ಸರಿ ಐತೇನಂತ ನೋಡ್ತೇನ್ರಿ."

"ಸರಿನ ಇದ್ರ ನೋಡೋದೇನ್ರಿ? ಮುಂದಿನ ತಿಂಗಳಿಂದ ಬರಬ್ಯಾಡ್ರಿ."

ರಾಣೆಬೆನ್ನೂರಿನ ಮನೆಯಲ್ಲಿ ನಮ್ಮತ್ತೆ ಇದಕ್ಕೇ ಹೊಂಚು ಹಾಕಿದ್ದರು. ನೌಕರಿ ಹೋದರೆ ಸೊಸೆ ಮನೆಯಲ್ಲಿ ಕೂತು ರೊಟ್ಟಿ ಬಡಿಯಬೇಕು ಎಂದು ಮದುವೆಯಲ್ಲೇ ಕರಾರು. ಬೆಳಗಿನ ಬ್ಯಾಡಗಿ ಬಸ್ಸು ಇಲ್ಲದ ಬದುಕು ನನಗೆ ಬೇಡವೇ ಬೇಡವಾಗಿತ್ತು.

ಆ ತಿಂಗಳ ಕೊನೆಯ ಟೆಂಡರ್ ದಿನ, ಅಂದರೆ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಗೆ ದರ ಕೂಗುವ ದಿನ, ಪರದೆ ಗಪ್ಪನೆ ನಿಂತಿತು. ಕರ್ಜಗಿಯಿಂದ ಬಂದ ಅಜ್ಜಿ ಬಾಗಿಲಲ್ಲೇ ಬಾಯಿ ಮಾಡಿದಳು: "ನನ್ನ ಚೀಲ ಯಾ ಖೋಲ್ಯಾಗ ಅದಾವ ಹೇಳಬೇ, ಟೆಂಡರ್ ಮುಗದ ಹೋಗತೈತಿ!"

ಒಳಗೆ ಓಡಿದೆ. ಮೊದಲ ವೈರನ್ನು ಇಲಿ ಕಡಿದಿತ್ತು. ಎರಡನೆಯದು ಇರಲೇ ಇಲ್ಲ! ನೌಕರಿ ಹೋದ ಸಿಟ್ಟಿಗೆ ಎರಡು ದಿನ ನಾನೂ ಅತ್ತ ಇಣುಕಿರಲಿಲ್ಲ, ಖರೇ ಹೇಳಬೇಕಲ್ಲ. ಹುಡುಕಿದರೆ ಅದು ಸಾಹುಕಾರರ ಕಿಟಕಿಗೆ ಕಟ್ಟಿತ್ತು, ಮೇಲೆ ಅವರ ಎರಡು ಬನಿಯನ್ನುಗಳು ಒಣಗುತ್ತಿದ್ದವು.

"ಇನ್ನೊಂದರ ದೀಪ ಮಿಣಮಿಣ ಅಂತಿತ್ರಿ, ಇದು ಸುಮ್ನ ಕುಂತಿತ್ತು. ಅದಕ್ಕ ಬಿಚ್ಚಿದೆ," ಎಂದರು.

"ಸಾವ್ಕಾರ್ರ, ಅದು ಸುಮ್ನ ಕುಂತಿದ್ದಿಲ್ಲ, ಕಾಯಾಕತ್ತಿತ್ತು!"

ಬನಿಯನ್ನುಗಳನ್ನು ಅವರ ಹೆಗಲಿಗೇ ಎಸೆದು, ವೈರು ಕಿತ್ತು ತಂದು ಸಿಕ್ಕಿಸಿದೆ. ಪರದೆ ಎದ್ದಿತು. ಮೂರನೆಯ ಕೋಣೆ, ಏಳನೆಯ ಸಾಲು. ಹಮಾಲರು ಓಡಿದರು, ಅಜ್ಜಿಯ ಚೀಲಗಳು ಹೊತ್ತಿಗೆ ಸರಿಯಾಗಿ ಟೆಂಡರಿಗೆ ಸೇರಿದವು.

ಒಂದನೇ ತಾರೀಖು ಕೀಲಿಕೈ ಒಪ್ಪಿಸಲು ಹೋದೆ. ನನ್ನ ಕುರ್ಚಿಯ ಮೇಲೆ ಹೊಸ ದಿಂಬು.

"ಕುಂದ್ರಿ ಅಕ್ಕಾರ."

"ಏನ್ ಮಾಡ್ಲಿರಿ?"

"ಏನೂ ಮಾಡಬ್ಯಾಡ್ರಿ. ನೀವು ಎದ್ದು ಓಡಿದ್ರ ನನ್ನ ಎದಿ ಹೊಡಕೋತೈತಿ. ಸುಮ್ನ ಕುಂದ್ರಿ."

ಕೂತೆ. ನಮ್ಮನೆಯ ರೊಟ್ಟಿಯನ್ನು ಇವತ್ತಿಗೂ ಅತ್ತೆಯೇ ಬಡಿಯುತ್ತಾರೆ.